ಮರಳು ಮರಳಾದ ಐಸ್‌ಕ್ರೀಮು, ಮೀನಿನ ಪ್ರೋಟೀನು

ಮಳೆಗಾಲದಲ್ಲಿ ಮಂಗಳೂರಿನ ಯಾವ ಮನೆಯ ಫ್ರೀಜರ್ ತೆಗೆದರೂ ಅರ್ಧ ಮುಗಿದ ಐಸ್‌ಕ್ರೀಮ್ ಡಬ್ಬಿಯೊಂದು ಸಿಗುತ್ತದೆ. ತಂದ ದಿನ ಬೆಣ್ಣೆಯಂತೆ ಜಾರಿದ್ದು ಹದಿನೈದು ದಿನ ಕಳೆದ ಮೇಲೆ ಮರಳು ಮರಳಾಗಿ ಹಲ್ಲಿಗೆ ಸಿಗುತ್ತದೆ. ಗಾಳಿಮಳೆಗೆ ಕರೆಂಟು ಹೋಗಿ ಬಂದು, ಹೋಗಿ ಬಂದು ಆಗಿದೆ. ಐಸ್‌ಕ್ರೀಮು ಪೂರ್ತಿ ಕರಗಿಲ್ಲ, ಆಕಾರವೂ ಕೆಟ್ಟಿಲ್ಲ. ಆದದ್ದು ಇಷ್ಟು: ಮೈನಸ್ 18 ಡಿಗ್ರಿಯಲ್ಲಿದ್ದದ್ದು ಮೈನಸ್ 8ರ ಹತ್ತಿರಕ್ಕೆ ಏರಿ ಮತ್ತೆ ಇಳಿಯುವಷ್ಟರಲ್ಲಿ ಸಣ್ಣ ಹರಳುಗಳು ಕರಗಿವೆ, ಅವುಗಳ ನೀರು ಪಕ್ಕದ ದೊಡ್ಡ ಹರಳಿಗೆ ಹೋಗಿ ಅಂಟಿದೆ. ಮಂಜುಗಡ್ಡೆಯ ಒಟ್ಟು ಮೊತ್ತ ಹೆಚ್ಚುಕಮ್ಮಿ ಮೊದಲಿನಷ್ಟೇ. ಆದರೆ ಹರಳುಗಳ ಎಣಿಕೆ ಇಳಿದಿದೆ, ಒಂದೊಂದರ ಗಾತ್ರ ಬೆಳೆದಿದೆ. ಚಿಕ್ಕದನ್ನು ನುಂಗಿ ದೊಡ್ಡದು ದೊಡ್ಡದಾಗುವ ಈ ವ್ಯವಹಾರಕ್ಕೆ ಮರುಹರಳುಗಟ್ಟುವಿಕೆ ಎಂದು ಹೆಸರು.

ಇದನ್ನು ತಡೆಯಲು ಯೂನಿಲಿವರ್ ಕಂಪನಿ ಓಷನ್ ಪೌಟ್ ಎಂಬ ಅಟ್ಲಾಂಟಿಕ್ ಮೀನಿನ ‘ಆಂಟಿಫ್ರೀಜ್’ ಪ್ರೋಟೀನನ್ನು ಯೀಸ್ಟಿನಲ್ಲಿ ಬೆಳೆಸಿ ಐಸ್‌ಕ್ರೀಮಿಗೆ ಹಾಕಿತು. ಯುರೋಪಿಯನ್ ಒಕ್ಕೂಟ 2009ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಾಗ ಇಟ್ಟ ಮಿತಿ ತೂಕದಲ್ಲಿ ಶೇ. 0.01. ಅಂದರೆ ಒಂದು ಗ್ರಾಂ ಐಸ್‌ಕ್ರೀಮಿಗೆ 0.1 ಮಿಲಿಗ್ರಾಂ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಲ್ಯಾಬಿನಲ್ಲಿ ಜೀವಕೋಶಗಳನ್ನು ಹೆಪ್ಪುಗಟ್ಟಿಸಿ ಕಾಪಿಡುವಾಗಲೂ ಈ ಪ್ರೋಟೀನನ್ನು ಬಳಸಬಹುದು, ಈ ಬರಹ ಅದರ ಬಗ್ಗೆಯೇ. ಕ್ರಯೋವಯಲ್ ಎಂಬ ಸಣ್ಣ ಟ್ಯೂಬಿನೊಳಗಿನ ಕೋಶಗಳಿಗೆ ಇದನ್ನು ಹಾಕಿ ಕೈಸುಟ್ಟುಕೊಳ್ಳುವವರು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ಹೆಚ್ಚು ಹಾಕಿರುತ್ತಾರೆ.

‘ಆಂಟಿಫ್ರೀಜ್’ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಕಾರಿನ ರೇಡಿಯೇಟರಿಗೆ ಹಾಕುವ ಗ್ಲೈಕಾಲ್ ನೀರಿನ ಹೆಪ್ಪುಬಿಂದುವನ್ನೇ ಕೆಳಗಿಳಿಸುತ್ತದೆ, ಎಷ್ಟು ಹಾಕಿದರೆ ಅಷ್ಟು. ಈ ಪ್ರೋಟೀನಿನ ರೀತಿ ಬೇರೆ. ಇದು ನೀರಿನ ತಂಟೆಗೆ ಹೋಗದೆ, ಹುಟ್ಟಿದ ಹರಳಿನ ಮೈಗೆ ಅಂಟಿಕೊಂಡು ಬೆಳೆಯಲು ಬಿಡುವುದಿಲ್ಲ. ಅಂಟಿದ ಎರಡು ಅಣುಗಳ ನಡುವೆ ಮಂಜುಗಡ್ಡೆ ಸಣ್ಣ ಗುಮ್ಮಟದಂತೆ ಉಬ್ಬಬೇಕಾಗುತ್ತದೆ. ಉಬ್ಬಿದ ಮೈಗೆ ನೀರಿನ ಅಣು ಸೇರುವುದು ಚಪ್ಪಟೆ ಮೈಗೆ ಸೇರುವುದಕ್ಕಿಂತ ಕಷ್ಟ, ಅಲ್ಲಿಗೆ ಬೆಳವಣಿಗೆ ನಿಲ್ಲುತ್ತದೆ. ರೇಮಂಡ್ ಮತ್ತು ಡಿವ್ರೀಸ್ 1977ರಲ್ಲಿ ಕೊಟ್ಟ ಈ ವಿವರಣೆ ಇಂದಿಗೂ ನಿಂತಿದೆ.

ಆರ್ಥರ್ ಡಿವ್ರೀಸ್ ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಸೌಂಡಿನ ಮೀನುಗಳ ರಕ್ತದಲ್ಲಿ ಈ ಗುಣವನ್ನು ಗುರುತಿಸಿದ್ದು 1960ರ ದಶಕದ ಕೊನೆಯಲ್ಲಿ. ಅಲ್ಲಿನ ಸಮುದ್ರ ಮೈನಸ್ 1.9 ಡಿಗ್ರಿ. ಸಾಮಾನ್ಯ ಮೀನಿನ ರಕ್ತ ಮೈನಸ್ 0.7ರ ಆಸುಪಾಸಿನಲ್ಲೇ ಹೆಪ್ಪುಗಟ್ಟಬೇಕು. ಮಲ್ಪೆಯ ಬಂಗುಡೆಯನ್ನು ಆ ನೀರಿಗೆ ಬಿಟ್ಟರೆ ಕೊಯ್ಯುವ ಮೊದಲೇ ಫ್ರೋಜನ್ ಫಿಶ್. ನಮ್ಮ ಕಡಲು 28 ಡಿಗ್ರಿಯ ಸುತ್ತ ಇರುವುದರಿಂದ ಇಲ್ಲಿನ ಮೀನಿಗೆ ಈ ಉಸಾಬರಿ ಬೇಕಿಲ್ಲ. ಬೂತಾಯಿಯ ಕುಲಬಾಂಧವನಾದ ಉತ್ತರ ಅಟ್ಲಾಂಟಿಕ್‌ನ ಹೆರಿಂಗ್‌ಗೆ ಬೇಕು, ಅದರ ರಕ್ತದಲ್ಲಿ ಎರಡನೇ ಮಾದರಿಯ ಆಂಟಿಫ್ರೀಜ್ ಪ್ರೋಟೀನು ಇದೆ (ರಚನೆ ನೋಡಿ ಇವನ್ನು ಮೊದಲನೇ, ಎರಡನೇ, ಮೂರನೇ ಮಾದರಿ ಎಂದು ವಿಂಗಡಿಸುತ್ತಾರೆ). ಮೆಕ್‌ಮರ್ಡೊ ಮೀನಿನ ಇನ್ನೊಂದು ವಿಚಿತ್ರ: ಅದರ ಮೈಯೊಳಗೆ ಮಂಜಿನ ಹರಳುಗಳು ಇದ್ದೇ ಇರುತ್ತವೆ. ಪ್ರೋಟೀನು ಅವನ್ನು ಬೆಳೆಯಲು ಬಿಡುವುದಿಲ್ಲ, ಬೇಸಿಗೆಯಲ್ಲಿ ನೀರು ಕೊಂಚ ಬೆಚ್ಚಗಾದಾಗ ಸುಲಭವಾಗಿ ಕರಗಲೂ ಬಿಡುವುದಿಲ್ಲ.

ಹರಳು ಕರಗುವ ಬಿಂದುವಿಗೂ ಅದು ಮತ್ತೆ ಬೆಳೆಯತೊಡಗುವ ಬಿಂದುವಿಗೂ ನಡುವೆ, ಬೆಳವಣಿಗೆ ನಿಂತಿರುವ ಉಷ್ಣತೆಯ ಅಂತರಕ್ಕೆ ಥರ್ಮಲ್ ಹಿಸ್ಟೆರಿಸಿಸ್ ಎನ್ನುತ್ತಾರೆ. ಮೀನಿನ ಪ್ರೋಟೀನಿಗೆ ಇದು ಒಂದು, ಒಂದೂವರೆ ಡಿಗ್ರಿ. ಮೀಲ್‌ವರ್ಮ್‌ನಂಥ ಹುಳಗಳ ಪ್ರೋಟೀನಿಗೆ ಐದು ಡಿಗ್ರಿಯವರೆಗೆ. ಮೈನಸ್ 196ರ ಲಿಕ್ವಿಡ್ ನೈಟ್ರೋಜನ್‌ಗೆ ಇಳಿಸುವ ಕೋಶಕ್ಕೆ ಒಂದು ಡಿಗ್ರಿಯಿಂದ ಏನಾಗಬೇಕು? ಏನೂ ಆಗಬೇಕಿಲ್ಲ. ಅಲ್ಲಿ ನಮಗೆ ಬೇಕಾದದ್ದು ಇದರ ಎರಡನೇ ಗುಣ, ಅಂದರೆ ಐಸ್‌ಕ್ರೀಮನ್ನು ನುಣುಪಾಗಿಡುವ ಗುಣ. ಮರುಹರಳುಗಟ್ಟುವಿಕೆಯನ್ನು ತಡೆಯಲು ಹಿಸ್ಟೆರಿಸಿಸ್‌ಗೆ ಬೇಕಾದದ್ದಕ್ಕಿಂತ ತೀರಾ ಕಡಿಮೆ ಪ್ರೋಟೀನು ಸಾಕು. ರೈಗ್ರಾಸ್ ಹುಲ್ಲಿನ ಪ್ರೋಟೀನು ಇದಕ್ಕೆ ಒಳ್ಳೆಯ ಸಾಕ್ಷಿ: ಹಿಸ್ಟೆರಿಸಿಸ್‌ನಲ್ಲಿ ಬಹಳ ಬಡವ, ಮರುಹರಳು ತಡೆಯುವುದರಲ್ಲಿ ಗಟ್ಟಿಗ.

ಹಾಗಾಗಿ ಇದನ್ನು ಕೋಶ ಹೆಪ್ಪುಗಟ್ಟಿಸುವಾಗ ರಕ್ಷಣೆಗೆ ಹಾಕುವ ಡಿಎಂಎಸ್ಒ (ಡೈಮೀಥೈಲ್ ಸಲ್ಫಾಕ್ಸೈಡ್) ಅಥವಾ ಗ್ಲಿಸರಾಲಿನ ಬದಲಿಗೆ ಎಂದು ತರಿಸಬೇಡಿ. ಡಿಎಂಎಸ್ಒ ಕೋಶದೊಳಗೆ ಹೋಗಿ ಉಪ್ಪಿನ ಸಾಂದ್ರತೆ ಏರುವುದನ್ನು ತಗ್ಗಿಸುತ್ತದೆ, ಮಂಜುಗಡ್ಡೆಯ ಪಾಲನ್ನು ಕಡಿಮೆ ಮಾಡುತ್ತದೆ. ಈ ಪ್ರೋಟೀನು ಕೋಶದ ಪೊರೆ ದಾಟಿ ಒಳಗೆ ಹೋಗುವುದಿಲ್ಲ, ಹೊರಗಿನ ಹರಳುಗಳನ್ನು ಮಾತ್ರ ನೋಡಿಕೊಳ್ಳುತ್ತದೆ. ಕೋಶದೊಳಗೇ ಮಂಜು ಹುಟ್ಟಿದ್ದರೆ ಇದರಿಂದ ನೇರ ಉಪಯೋಗ ಇಲ್ಲ. ಇದನ್ನು ನಂಬಿ ಶೇ. 10ರ ಡಿಎಂಎಸ್ಒವನ್ನು ಶೇ. 5ಕ್ಕೆ ಇಳಿಸಿ ನೋಡಬಹುದು, ಸೊನ್ನೆಗೆ ಇಳಿಸುವಂತಿಲ್ಲ.

ಡೋಸು ಹೆಚ್ಚಾದರೆ ಆಗುವುದು ಸೂಜಿಗಳು. ಪ್ರೋಟೀನು ಹರಳಿನ ಎಲ್ಲ ಮುಖಕ್ಕೂ ಸಮನಾಗಿ ಅಂಟುವುದಿಲ್ಲ. ಮೊದಲನೇ ಮಾದರಿ, ಅಂದರೆ ವಿಂಟರ್ ಫ್ಲೌಂಡರ್ ಮೀನಿನದ್ದು, ಹರಳಿನ ಪಕ್ಕಗಳನ್ನು ಮುಚ್ಚಿಬಿಡುತ್ತದೆ. ಆಗ ದುಂಡು ಬಿಲ್ಲೆಯಾಗಬೇಕಿದ್ದ ಹರಳು ಎರಡೂ ಕಡೆ ಮೊನೆಯಿರುವ ಪಿರಮಿಡ್ ಆಗುತ್ತದೆ. ಉಷ್ಣತೆ ಹಿಸ್ಟೆರಿಸಿಸ್‌ನ ಮಿತಿ ದಾಟಿ ಕೆಳಗಿಳಿದ ತಕ್ಷಣ ತಡೆ ಒಡೆದು ಆ ಮೊನೆಯಿಂದ ಉದ್ದುದ್ದ ಸೂಜಿಗಳು ಚಿಮ್ಮುತ್ತವೆ. ಸೂಜಿಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡ ಕೋಶ ಚುಚ್ಚಿಸಿಕೊಂಡು ಸಾಯುತ್ತದೆ. ಕಾರ್ಪೆಂಟರ್ ಮತ್ತು ಹ್ಯಾನ್ಸೆನ್ 1992ರಲ್ಲಿ ಕೆಂಪು ರಕ್ತಕಣಗಳ ಮೇಲೆ ಇದನ್ನೇ ತೋರಿಸಿದರು: ಅದೇ ಫ್ಲೌಂಡರ್ ಪ್ರೋಟೀನು ಕಡಿಮೆ ಇದ್ದಾಗ ಕರಗಿಸುವ ಹಂತದ ನಷ್ಟ ತಗ್ಗಿತು, ಹೆಚ್ಚಾದಾಗ ನಷ್ಟ ಏರಿತು. ಇಲಿಯ ಹೃದಯದ ಮೇಲೂ ಅದೇ ಕತೆ. 1994ರಲ್ಲಿ ಅಂಟಾರ್ಕ್ಟಿಕ್ ಮೀನಿನ ಗ್ಲೈಕೋಪ್ರೋಟೀನು ಹಾಕಿ ಹೆಪ್ಪುಗಟ್ಟಿಸಿದ ಹೃದಯಗಳಿಗೆ ರಕ್ಷಣೆ ಸಿಗಲಿಲ್ಲ. 2000ದ ದಶಕದಲ್ಲಿ ಮೈನಸ್ 1.3 ಡಿಗ್ರಿಯ ಸುತ್ತ, ಹೆಪ್ಪುಗಟ್ಟಲು ಬಿಡದೆ, ಪ್ರೋಟೀನು ಸೇರಿಸಿ ಇಟ್ಟ ಇಲಿ ಹೃದಯಗಳು ಸುಮಾರು ಒಂದು ದಿನದ ನಂತರವೂ ಕಸಿಗೆ ಒದಗಿದವು. ಪ್ರೋಟೀನು ಎರಡೂ ಕಡೆ ಇತ್ತು. ಮೊದಲನೆಯದರಲ್ಲಿ ಮಂಜುಗಡ್ಡೆಯೂ ಇತ್ತು.

ಯಾವುದನ್ನು ತರಿಸುವುದು? ಹೊಸಬರಿಗೆ ಮೂರನೇ ಮಾದರಿಯೇ, ಅಂದರೆ ಐಸ್‌ಕ್ರೀಮಿಗೆ ಹಾಕಿದ ಓಷನ್ ಪೌಟ್‌ನದ್ದೇ, ಸರಿ. ಸುಮಾರು 7 ಕಿಲೋಡಾಲ್ಟನ್‌ನ ಗುಂಡನೆಯ ಪ್ರೋಟೀನು, ಡೈಸಲ್ಫೈಡ್ ಗಂಟುಗಳಿಲ್ಲ, ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಸರಾಗವಾಗಿ ಬೆಳೆಯುತ್ತದೆ. ಹುಳಗಳದ್ದು ಶಕ್ತಿಶಾಲಿ ನಿಜ, ಆದರೆ ಮೀಲ್‌ವರ್ಮ್ ಪ್ರೋಟೀನಿನಲ್ಲಿ ಎಂಟು ಡೈಸಲ್ಫೈಡ್ ಬಂಧಗಳಿವೆ. ಬ್ಯಾಕ್ಟೀರಿಯಾದಿಂದ ತೆಗೆದದ್ದನ್ನು ಸರಿಯಾಗಿ ಮಡಚಿಸುವುದೇ ಒಂದು ಪ್ರಾಜೆಕ್ಟು. ಇ. ಕೋಲಿಯಲ್ಲಿ ಬೆಳೆಸಿದ್ದು ಯಾವುದೇ ಇರಲಿ, ಬ್ಯಾಕ್ಟೀರಿಯಾದ ಹೊರಪದರದ ವಿಷವಾದ ಎಂಡೋಟಾಕ್ಸಿನ್ ತೆಗೆಯದೆ ಕೋಶಗಳಿಗೆ ಹಾಕಬೇಡಿ. ಸ್ಟೆಮ್ ಸೆಲ್‌ಗಳಿಗೂ ಮ್ಯಾಕ್ರೋಫೇಜ್‌ಗಳಿಗೂ ಅದೊಂದೇ ಸಾಕು ಫಲಿತಾಂಶ ಕೆಡಿಸಲು.

ಇಲ್ಲಿ ಬಹಳ ಜನ ಬೀಳುವ ಹೊಂಡವೊಂದಿದೆ: ಸಾಂದ್ರತೆ ಅಳೆಯುವುದು. ಫ್ಲೌಂಡರ್‌ನ 37 ಅಮೈನೋ ಆಮ್ಲಗಳ ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಇಲ್ಲ, ಟೈರೋಸಿನ್ ಕೂಡ ಇಲ್ಲ. 280 ನ್ಯಾನೋಮೀಟರ್ ಬೆಳಕನ್ನು ಮುಖ್ಯವಾಗಿ ಹೀರುವುದು ಇವೆರಡೇ. ಬೆಳಕಿನ ಹೀರಿಕೆ ಅಳೆಯುವ ನ್ಯಾನೋಡ್ರಾಪ್‌ನಲ್ಲಿ ನೋಡಿದರೆ ಟ್ಯೂಬು ಖಾಲಿ ಇದ್ದಂತೆಯೇ ಕಾಣುತ್ತದೆ. ಪ್ರೋಟೀನು ಅಳೆಯುವ ಬ್ರಾಡ್‌ಫರ್ಡ್ ಪರೀಕ್ಷೆಯ ಬಣ್ಣ ಹಿಡಿಯುವುದು ಮುಖ್ಯವಾಗಿ ಆರ್ಜಿನಿನ್ ಇದ್ದಲ್ಲಿ. ಅದೂ ಈ ಪ್ರೋಟೀನಿನಲ್ಲಿ ಒಂದೇ ಒಂದು. ‘ಕಡಿಮೆ ಇದೆಯಲ್ಲ’ ಎಂದು ಇನ್ನಷ್ಟು ಸೇರಿಸಿದರೆ ಹತ್ತು ಪಟ್ಟು ಹೆಚ್ಚಾಗಿ ಸೂಜಿಗಳ ಸಾಮ್ರಾಜ್ಯಕ್ಕೆ ಹೋಗಿ ಬೀಳುತ್ತೀರಿ. ಮೂರನೇ ಮಾದರಿಯಲ್ಲಿ ಒಂದೇ ಟೈರೋಸಿನ್, ಒಂದು ಮಿಲಿಗ್ರಾಂಗೆ 280ರಲ್ಲಿ ಸುಮಾರು 0.2 ಮಾತ್ರ ತೋರಿಸುತ್ತದೆ. ಪೆಪ್ಟೈಡ್ ಬಂಧವನ್ನು ನೇರವಾಗಿ ನೋಡುವ 205 ನ್ಯಾನೋಮೀಟರ್ ಅಳತೆ ಅಥವಾ ಅಮೈನೋ ಆಮ್ಲ ವಿಶ್ಲೇಷಣೆ ನಂಬಲರ್ಹ. ಪ್ರೋಟೀನು ಅಳೆಯುವ ಬಿಸಿಎ ಕಿಟ್ ಬಳಸುವುದಾದರೆ ಸ್ಟ್ಯಾಂಡರ್ಡ್‌ಗೆ ಬಿಎಸ್ಎ (ದನದ ರಕ್ತದ ಆಲ್ಬುಮಿನ್) ಬೇಡ, ತೂಗಿ ಕರಗಿಸಿದ ಅದೇ ಪ್ರೋಟೀನು ಇರಲಿ.

ತೂಗುವುದಕ್ಕೂ ನಮ್ಮ ಊರಿನಲ್ಲಿ ಒಂದು ಮುಳ್ಳು ಇದೆ. ಮೈನಸ್ 20ರಿಂದ ತೆಗೆದ ಪುಡಿಯ ವಯಲನ್ನು ಜುಲೈ ತಿಂಗಳ ಗಾಳಿಯಲ್ಲಿ ತಕ್ಷಣ ತೆರೆದರೆ ಹವೆಯ ತೇವ ಪುಡಿಯ ಮೇಲೆ ನೀರಾಗಿ ಇಳಿಯುತ್ತದೆ. ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ಮುಚ್ಚಳ ಹಾಕಿದಂತೆಯೇ ಒಂದು ಗಂಟೆ ಇಟ್ಟು, ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಿರಿ. ಪೂರ್ತಿ ವಯಲನ್ನು ಒಮ್ಮೆಗೇ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಕರಗಿಸಿ, ಕಡಿಮೆ ಪ್ರೋಟೀನು ಹೀರುವ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಸಣ್ಣ ಪಾಲು ಮಾಡಿ ಇಟ್ಟುಬಿಡುವುದು ಇನ್ನೂ ಒಳ್ಳೆಯದು. ಡಿಎಂಎಸ್ಒ ಕೂಡ ನೀರು ಹೀರುವ ಜಾತಿ. ಅದರ ಹೆಪ್ಪುಬಿಂದು 18.5 ಡಿಗ್ರಿ, ಅಂದರೆ ಮಂಗಳೂರಿನ ಶೆಲ್ಫಿನಲ್ಲಿ ವರ್ಷವಿಡೀ ದ್ರವ. ಆದರೆ 16ಕ್ಕೆ ಇಟ್ಟ ಎಸಿ ಕೋಣೆಯಲ್ಲಿ ರಾತ್ರಿ ಕಳೆದರೂ ಹೊಸ ಬಾಟಲಿ ಗಟ್ಟಿಯಾಗುತ್ತದೆ. ಹಳೆಯ ಬಾಟಲಿ ಅದೇ ಕೋಣೆಯಲ್ಲಿ ಗಟ್ಟಿಯಾಗದಿದ್ದರೆ ಅದು ಎರಡು ಮಳೆಗಾಲದ ನೀರು ಕುಡಿದಿದೆ ಎಂದೇ ಲೆಕ್ಕ.

ಕೋಶಗಳಿಗೆ ಹಾಕುವ ಮೊದಲು ಪ್ರೋಟೀನು ಜೀವಂತ ಇದೆಯೇ ನೋಡಿಕೊಳ್ಳಬೇಕು. ಅದಕ್ಕೆ ಸ್ಪ್ಲಾಟ್ ಪರೀಕ್ಷೆ. ಡ್ರೈ ಐಸ್ ಮೇಲೆ ಅಲ್ಯೂಮಿನಿಯಂ ದಿಮ್ಮಿ, ಅದರ ಮೇಲೆ ತೆಳು ಕವರ್‌ಸ್ಲಿಪ್. ಸುಮಾರು ಎರಡು ಮೀಟರ್ ಎತ್ತರದಿಂದ, ನೆಟ್ಟಗಿನ ಪೈಪಿನೊಳಗಿಂದ, 10 ಮೈಕ್ರೋಲೀಟರ್ ಹನಿಯನ್ನು ಬೀಳಿಸಬೇಕು. ಬಿದ್ದ ಹನಿ ನೀರುದೋಸೆಯಂತೆ ತೆಳ್ಳಗೆ ಹರಡಿ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ, ಹರಳುಗಳು ಅತಿ ಸಣ್ಣ. ಕವರ್‌ಸ್ಲಿಪ್ಪನ್ನು ಮೈನಸ್ 8 ಡಿಗ್ರಿಯ ಸ್ಟೇಜಿಗೆ ವರ್ಗಾಯಿಸಿ 30 ನಿಮಿಷ ಬಿಟ್ಟು, ಅಡ್ಡಹಿಡಿದ ಎರಡು ಪೋಲರಾಯ್ಡ್‌ಗಳ ನಡುವೆ ಮೈಕ್ರೋಸ್ಕೋಪಿನಲ್ಲಿ ನೋಡಿ. ಬರಿಯ ಪಿಬಿಎಸ್‌ನಲ್ಲಿ ಬಣ್ಣಬಣ್ಣದ ದೊಡ್ಡ ತುಣುಕುಗಳು ಎದ್ದು ಕಾಣುತ್ತವೆ. ಪ್ರೋಟೀನು ಕೆಲಸ ಮಾಡುತ್ತಿದ್ದರೆ ರವೆ ಚೆಲ್ಲಿದಂತೆ ಇರುತ್ತದೆ. ಬರಿಯ ನೀರಿನಲ್ಲಿ ಮಾತ್ರ ಈ ಪರೀಕ್ಷೆ ಮಾಡಬೇಡಿ. ಉಪ್ಪಿಲ್ಲದಿದ್ದರೆ ಹರಳುಗಳ ನಡುವೆ ದ್ರವವೇ ಉಳಿಯುವುದಿಲ್ಲ, ಆಗ ಸಿಕ್ಕಸಿಕ್ಕ ಪ್ರೋಟೀನೆಲ್ಲ ಹರಳು ತಡೆಯುವ ಹಾಗೆ ಕಾಣುತ್ತದೆ. ಹೋಲಿಕೆಗೆ ಎದುರಾಳಿಯಾಗಿ ಅಷ್ಟೇ ಸಾಂದ್ರತೆಯ ಪಿಇಜಿ ಎಂಬ ಪಾಲಿಮರ್ ಇರಲಿ. ಮಳೆಗಾಲದಲ್ಲಿ ದಿಮ್ಮಿಯ ಮೇಲೆ ಎರಡೇ ನಿಮಿಷದಲ್ಲಿ ಹಿಮ ಕಟ್ಟುತ್ತದೆ, ಹನಿ ಬಿದ್ದದ್ದು ಹಿಮದ ಮೇಲೋ ಗಾಜಿನ ಮೇಲೋ ಗೊತ್ತಾಗುವುದಿಲ್ಲ. ಪಾಲಿಥೀನ್ ಚೀಲ ಕಟ್ಟಿ ಒಣ ನೈಟ್ರೋಜನ್ ಗ್ಯಾಸು ಬಿಟ್ಟುಕೊಂಡರೆ ಮಾತ್ರ ಚಿತ್ರ ಸರಿ ಬರುತ್ತದೆ. ಇಷ್ಟೆಲ್ಲ ಸಲಕರಣೆ ಇಲ್ಲದವರು ಶೇ. 45ರ ಸಕ್ಕರೆ ನೀರಿಗೆ ಪ್ರೋಟೀನು ಬೆರೆಸಿ, ಎರಡು ಕವರ್‌ಸ್ಲಿಪ್‌ಗಳ ನಡುವೆ ಒತ್ತಿ, ಡ್ರೈ ಐಸ್‌ನಲ್ಲಿ ಹೆಪ್ಪುಗಟ್ಟಿಸಿ, ಮೈನಸ್ 8ರಲ್ಲಿ ಒಂದೆರಡು ಗಂಟೆ ನೋಡಬಹುದು. ಒರಟು ವಿಧಾನ, ಆದರೆ ಹೌದೋ ಅಲ್ಲವೋ ಎಂದು ಹೇಳುತ್ತದೆ.

ಈಗ ಮಿಶ್ರಣ. ಪ್ರೋಟೀನಿನ ಸ್ಟಾಕುಗಳನ್ನು ಬೇಕಾದ ಸಾಂದ್ರತೆಯ 20 ಪಟ್ಟು ಮಾಡಿಟ್ಟುಕೊಳ್ಳಿ: ಮಿಲಿಲೀಟರಿಗೆ 1, 4, 10 ಮತ್ತು 40 ಮಿಲಿಗ್ರಾಂ. 10 ಮಿ.ಲೀ. ಫ್ರೀಜಿಂಗ್ ಮೀಡಿಯಮ್‌ಗೆ 7 ಮಿ.ಲೀ. ಕಲ್ಚರ್ ಮೀಡಿಯಮ್, 2 ಮಿ.ಲೀ. ಸೀರಮ್, 0.5 ಮಿ.ಲೀ. ಪ್ರೋಟೀನ್ ಸ್ಟಾಕ್, ಕೊನೆಗೆ 0.5 ಮಿ.ಲೀ. ಡಿಎಂಎಸ್ಒ. ಇದರಿಂದ ಪ್ರೋಟೀನು 0.05, 0.2, 0.5 ಮತ್ತು 2 ಮಿಲಿಗ್ರಾಂ ಆಗುತ್ತದೆ, ಡಿಎಂಎಸ್ಒ ಎಲ್ಲದರಲ್ಲೂ ಶೇ. 5. ಐಸ್‌ಕ್ರೀಮಿನ 0.1 ಈ ಸಾಲಿನ ನಡುವೆ ಎಲ್ಲಿ ಬೀಳುತ್ತದೆ ನೋಡಿ. ಇದರ ಜೊತೆ ಮೂರು ಕಂಟ್ರೋಲ್ ಬೇಕೇ ಬೇಕು: ಪ್ರೋಟೀನಿನ ಬದಲು ಪಿಬಿಎಸ್ ಹಾಕಿದ ಶೇ. 5, ಅಷ್ಟೇ ತೂಕದ ಬಿಎಸ್ಎ ಹಾಕಿದ ಶೇ. 5, ಮತ್ತು ಎಲ್ಲರೂ ಬಳಸುವ ಶೇ. 10. ಬಿಎಸ್ಎ ಇಲ್ಲದಿದ್ದರೆ ಸಿಕ್ಕಿದ ಲಾಭ ಮೀನಿನದ್ದೋ ಯಾವುದೋ ಒಂದು ಪ್ರೋಟೀನಿನದ್ದೋ ಎಂದು ಹೇಳಲಾಗುವುದಿಲ್ಲ. ಡಿಎಂಎಸ್ಒ ಬೆರೆಸುವಾಗ ಬಿಸಿಯಾಗುತ್ತದೆ, ಹಾಗಾಗಿ ಐಸ್ ಮೇಲಿಟ್ಟ ಮೀಡಿಯಮ್‌ಗೆ ಹನಿಹನಿಯಾಗಿ ಬಿಡಿ, ಕೋಶಗಳಿಗೆ ಹಾಕುವ ಮೊದಲು 4 ಡಿಗ್ರಿಗೆ ಬರಲಿ.

ಕೋಶಗಳು ಚುರುಕಾಗಿ ಬೆಳೆಯುತ್ತಿರುವಾಗಲೇ ತೆಗೆಯಿರಿ, ಫ್ಲಾಸ್ಕು ಕಿಕ್ಕಿರಿದ ಮೇಲೆ ಅಲ್ಲ. ಮಿಲಿಲೀಟರಿಗೆ 10 ಲಕ್ಷ, ವಯಲಿಗೆ 1 ಮಿ.ಲೀ., ಒಂದೊಂದು ಮಿಶ್ರಣಕ್ಕೆ ಕನಿಷ್ಠ ಆರು ವಯಲು. ಆರು ಯಾಕೆಂದು ಕರಗಿಸುವಾಗ ಹೇಳುತ್ತೇನೆ. ಮೀಡಿಯಮ್ ಹಾಕಿದ ಹತ್ತು ನಿಮಿಷದೊಳಗೆ ತಂಪಿಸುವುದು ಶುರುವಾಗಬೇಕು.

ತಂಪಿಸುವ ವೇಗ ನಿಮಿಷಕ್ಕೆ 1 ಡಿಗ್ರಿ. ಐಸೊಪ್ರೊಪನಾಲ್ ತುಂಬಿದ ಡಬ್ಬಿ ಮೈನಸ್ 80 ಫ್ರೀಜರಿನಲ್ಲಿ ಸರಿಸುಮಾರು ಈ ವೇಗ ಕೊಡುತ್ತದೆ, ಡಬ್ಬಿ ಕೋಣೆಯ ಉಷ್ಣತೆಯಲ್ಲಿದ್ದರೆ. ಕೋಣೆ ಎಂದರೆ 20ರ ಸುತ್ತಮುತ್ತ. ಎಸಿ ಇಲ್ಲದ ನಮ್ಮ ಏಪ್ರಿಲ್‌ನ 34 ಡಿಗ್ರಿಯಿಂದ ಶುರುಮಾಡಿದರೆ ಕೋಶಗಳು ಡಿಎಂಎಸ್ಒನಲ್ಲಿ ಬೆಚ್ಚಗೆ ಕೂತಿರುವ ಸಮಯ ಸುಮ್ಮನೆ ಹೆಚ್ಚುತ್ತದೆ. ಐಸೊಪ್ರೊಪನಾಲ್ ಐದು ಸಲ ಬಳಸಿದ ಮೇಲೆ ಬದಲಿಸಿ. ಅದು ತೇವ ಹೀರಿದಷ್ಟು ವೇಗ ತಪ್ಪುತ್ತದೆ.

ಇನ್ನು ಮಂಜುಗಡ್ಡೆಯನ್ನು ನಾವೇ ಹುಟ್ಟಿಸುವುದು. ಬಹಳ ಪ್ರೋಟೊಕಾಲ್‌ಗಳಲ್ಲಿ ಬಿಟ್ಟಿರುತ್ತಾರೆ, ಇಲ್ಲಿ ಬಿಡುವಂತಿಲ್ಲ. ತನ್ನ ಪಾಡಿಗೆ ಬಿಟ್ಟರೆ ಒಂದು ವಯಲು ಮೈನಸ್ 9ರಲ್ಲಿ ಹೆಪ್ಪುಗಟ್ಟುತ್ತದೆ, ಪಕ್ಕದ್ದು ಮೈನಸ್ 16ರಲ್ಲಿ. ಆ ವ್ಯತ್ಯಾಸವೇ ಪ್ರೋಟೀನಿನ ಪರಿಣಾಮವನ್ನು ಮುಚ್ಚಿಹಾಕುತ್ತದೆ. ಶೇ. 10 ಡಿಎಂಎಸ್ಒ ಇರುವ ಮೀಡಿಯಮ್‌ನ ಹೆಪ್ಪುಬಿಂದು ಮೈನಸ್ 3ರ ಆಸುಪಾಸು, ಶೇ. 5ರದ್ದು ಮೈನಸ್ 2ರ ಆಸುಪಾಸು. ಪ್ರೋಗ್ರಾಮೆಬಲ್ ಫ್ರೀಜರ್ ಇದ್ದರೆ ಮೈನಸ್ 6ರಲ್ಲಿ ನಿಲ್ಲಿಸಿ, ಲಿಕ್ವಿಡ್ ನೈಟ್ರೋಜನ್‌ನಲ್ಲಿ ಅದ್ದಿದ ಚಿಮಟದಿಂದ ವಯಲಿನ ಹೊರಮೈಯನ್ನು ದ್ರವದ ಮೇಲ್ಮಟ್ಟದ ಹತ್ತಿರ ಮುಟ್ಟಿಸಿ. ಬಿಳಿ ಚುಕ್ಕೆಯೊಂದು ಹುಟ್ಟಿ ಕೆಳಗಿಳಿಯುತ್ತದೆ. ಹತ್ತು ನಿಮಿಷ ಅಲ್ಲೇ ಬಿಟ್ಟು ಆಮೇಲೆ ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸಿ.   

ಮರುದಿನ ನೈಟ್ರೋಜನ್ ಕ್ಯಾನಿಗೆ. ದ್ರವದೊಳಗೆ ಮುಳುಗಿಸುವುದಕ್ಕಿಂತ ಮೇಲಿನ ಆವಿಯಲ್ಲಿ ಇಡಿ. ಮುಚ್ಚಳ ಸಡಿಲ ಇದ್ದ ವಯಲಿನೊಳಗೆ ದ್ರವ ಹೊಕ್ಕಿದ್ದರೆ ಕರಗಿಸುವಾಗ ಸಿಡಿಯುತ್ತದೆ, ಮುಖಕ್ಕೆ ಶೀಲ್ಡ್ ಇಲ್ಲದೆ ತೆಗೆಯಬೇಡಿ. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಗ್ಯಾಸಾಗುತ್ತದೆ. ತೇವ ಒಳಗೆ ಬರಬಾರದೆಂದು ಕಿಟಕಿಯೆಲ್ಲ ಮುಚ್ಚಿದ ಎಸಿ ಕೋಣೆಯಲ್ಲಿ ಕ್ಯಾನು ತುಂಬಿಸುವುದು ಉಸಿರಿಗೇ ಅಪಾಯ.

ಕರಗಿಸುವುದಕ್ಕೆ ಬರೋಣ. ಪ್ರೋಟೀನಿನ ಅಸಲಿ ಪಾತ್ರ ಇಲ್ಲಿದೆ. ಪ್ರತಿ ಮಿಶ್ರಣದ ಮೂರು ವಯಲುಗಳನ್ನು 37 ಡಿಗ್ರಿ ವಾಟರ್‌ಬಾತಿನಲ್ಲಿ, ಮುಚ್ಚಳಕ್ಕೆ ನೀರು ತಾಗದಂತೆ, ಅಲ್ಲಾಡಿಸುತ್ತ ಕರಗಿಸಿ. ಒಂದೂವರೆ, ಎರಡು ನಿಮಿಷ ಬೇಕು. ಕುಚ್ಚಲಕ್ಕಿ ಕಾಳಿನಷ್ಟು ಮಂಜು ಉಳಿದಿರುವಾಗ ಹೊರಗೆ ತೆಗೆಯಿರಿ. ಉಳಿದ ಮೂರನ್ನು ಬೇಕೆಂದೇ ಕೆಡಿಸಿ: ಮೈನಸ್ 20 ಫ್ರೀಜರಿನಲ್ಲಿ 30 ನಿಮಿಷ ಇಟ್ಟು ಆಮೇಲೆ ಬಾತಿಗೆ ಹಾಕಿ. ಆ ಅರ್ಧ ಗಂಟೆಯಲ್ಲಿ ಹರಳುಗಳು ಒಂದನ್ನೊಂದು ನುಂಗುತ್ತವೆ, ಡಬ್ಬಿಯ ಐಸ್‌ಕ್ರೀಮಿನಂತೆ. ವೇಗವಾಗಿ ಕರಗಿಸಿದವುಗಳಲ್ಲಿ ಪ್ರೋಟೀನು ಇದ್ದದ್ದಕ್ಕೂ ಇಲ್ಲದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣದೇ ಹೋಗಬಹುದು. ಅದನ್ನು ನೋಡಿಯೇ ‘ಇದರಿಂದ ಉಪಯೋಗವಿಲ್ಲ’ ಎಂದು ಬಿಟ್ಟುಬಿಡುವವರಿದ್ದಾರೆ. ವ್ಯತ್ಯಾಸವನ್ನು ಹುಡುಕಬೇಕಾದದ್ದು ಕೆಡಿಸಿದ ಮೂರರಲ್ಲಿ. ಅಲ್ಲೂ ಇಲ್ಲವೆಂದರೆ ನಿಮ್ಮ ಕೋಶಗಳು ಸಾಯುತ್ತಿರುವುದು ಹರಳಿನಿಂದಲ್ಲ, ಬೇರೆ ಕಾರಣ ಹುಡುಕಿ.

ಕರಗಿದ 1 ಮಿ.ಲೀ.ಗೆ ಬೆಚ್ಚಗಿನ ಮೀಡಿಯಮ್ 9 ಮಿ.ಲೀ.ಯನ್ನು ಎರಡು ನಿಮಿಷದ ಅವಧಿಯಲ್ಲಿ ಹನಿಹನಿಯಾಗಿ ಸೇರಿಸಿ, ಸೆಂಟ್ರಿಫ್ಯೂಜಿನಲ್ಲಿ 200 ಜಿಯಲ್ಲಿ (ಗುರುತ್ವದ 200 ಪಟ್ಟು) 5 ನಿಮಿಷ ತಿರುಗಿಸಿ. ಎಣಿಸುವಾಗ, ಸತ್ತ ಕೋಶಗಳಿಗೆ ಮಾತ್ರ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣದ ಶೇಕಡಾವಾರು ಒಂದನ್ನೇ ನಂಬಬೇಡಿ. ಇಟ್ಟದ್ದು 10 ಲಕ್ಷ ಎಂದುಕೊಳ್ಳಿ. ಕರಗಿಸಿದಾಗ ಎಣಿಕೆಗೆ ಸಿಕ್ಕಿದ್ದು 6 ಲಕ್ಷ, ಅದರಲ್ಲಿ ಶೇ. 92 ಜೀವಂತ. ಕಾಗದದ ಮೇಲೆ 92 ಎಂದು ಬರೆದರೆ ಎಲ್ಲರಿಗೂ ಖುಷಿ. ನಿಜಕ್ಕೂ ಉಳಿದದ್ದು ಐದೂವರೆ ಲಕ್ಷ, ಅಂದರೆ ಶೇ. 55, ಒಡೆದುಹೋದ ಕೋಶಗಳು ಎಣಿಕೆಗೇ ಸಿಗಲಿಲ್ಲ. ಇನ್ನು 24 ಗಂಟೆ ಕಳೆದ ಮೇಲೆ ತಳಕ್ಕೆ ಅಂಟಿಕೊಂಡವನ್ನು ಎಣಿಸಿದರೆ 3 ಲಕ್ಷವೇ ಇರಬಹುದು. ಹೆಪ್ಪಿನ ಪೆಟ್ಟು ತಿಂದ ಕೋಶ ತಕ್ಷಣ ಸಾಯುವುದಿಲ್ಲ, ಒಂದು ದಿನ ತಡೆದು ಅಪೊಪ್ಟೋಸಿಸ್‌ನಲ್ಲಿ, ಅಂದರೆ ತನ್ನನ್ನು ತಾನೇ ಕೊಂದುಕೊಂಡು, ಹೋಗುತ್ತದೆ. ಹಾಗಾಗಿ ಬರೆದಿಡಬೇಕಾದದ್ದು 24ನೇ ಗಂಟೆಯ ಒಟ್ಟು ಉಳಿಕೆ.

ಅಂಗಾಂಶಕ್ಕೆ ಇದೇ ಲೆಕ್ಕ ನಡೆಯುವುದಿಲ್ಲ. ಅಂಡಾಶಯದ ಹೊರಪದರದ ಒಂದು ಮಿಲಿಮೀಟರ್ ದಪ್ಪದ ಚೂರನ್ನು ತೆಗೆದುಕೊಳ್ಳಿ. ಎರಡೂ ಕಡೆಯಿಂದ ಒಳಗಿಳಿದರೂ ಅರ್ಧ ಮಿಲಿಮೀಟರ್ ಸಾಗಬೇಕು. ಡಿಎಂಎಸ್ಒನಂಥ ಚಿಕ್ಕ ಅಣು 4 ಡಿಗ್ರಿಯಲ್ಲಿ ಹತ್ತಾರು ನಿಮಿಷದಲ್ಲಿ ನಡುವಿಗೆ ತಲುಪುತ್ತದೆ. ಅದರ ತೊಂಬತ್ತು ಪಟ್ಟು ತೂಗುವ ಪ್ರೋಟೀನಿಗೆ ಒಂದು ಗಂಟೆಗೂ ಹೆಚ್ಚು ಬೇಕು. ಡಿಎಂಎಸ್ಒ ಹಾಕಿದ ಮೇಲೆ ಅಷ್ಟು ಹೊತ್ತು ಕಾಯುವಂತಿಲ್ಲ, ವಿಷವಾಗುತ್ತದೆ. ಆದ್ದರಿಂದ ಮೊದಲು ಪ್ರೋಟೀನು ಮಾತ್ರ ಇರುವ ಮೀಡಿಯಮ್‌ನಲ್ಲಿ 4 ಡಿಗ್ರಿಯಲ್ಲಿ ಒಂದೂವರೆ ಗಂಟೆ, ಆಮೇಲೆ ಅಷ್ಟೇ ಪ್ರೋಟೀನು ಮತ್ತು 1.5 ಮೋಲಾರ್ ಡಿಎಂಎಸ್ಒ ಇರುವ ದ್ರಾವಣದಲ್ಲಿ 30 ನಿಮಿಷ. ಇಡೀ ಅಂಗಕ್ಕೆ ರಕ್ತನಾಳದ ಮೂಲಕ ಹಾಯಿಸದೆ ಬೇರೆ ದಾರಿಯಿಲ್ಲ. ಪ್ರೋಟೀನಿಗೆ ಬದಲಾಗಿ ಪಿವಿಎ, ಅಂದರೆ ಪಾಲಿವಿನೈಲ್ ಆಲ್ಕೋಹಾಲ್, ಮಿಲಿಲೀಟರಿಗೆ ಒಂದು ಮಿಲಿಗ್ರಾಂನೊಳಗೇ ಮರುಹರಳುಗಟ್ಟುವಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಪುಡಿಗಾಸು. ಬಜೆಟ್ ಬಿಗಿ ಇರುವ ಲ್ಯಾಬು ಅದರಿಂದಲೇ ಶುರುಮಾಡುವುದು ಜಾಣತನ. ಮೀನಿನ ಪ್ರೋಟೀನು ಅದನ್ನು ಸೋಲಿಸಿದರೆ ಆಮೇಲೆ ದುಡ್ಡು ಹಾಕಿ.

ಸಾಗಣೆಯಲ್ಲಿ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮಂಗಳೂರಿನಿಂದ ಬೆಂಗಳೂರಿಗೆ ಡ್ರೈ ಐಸ್‌ನಲ್ಲಿ ವಯಲು ಕಳಿಸಿದರೆ ಅದು ಮೈನಸ್ 78 ಡಿಗ್ರಿ. ಡಿಎಂಎಸ್ಒ ದ್ರಾವಣ ಗಾಜಿನಂತೆ ಪೂರ್ತಿ ನಿಶ್ಚಲವಾಗಲು ಮೈನಸ್ 120ಕ್ಕೂ ಕೆಳಗೆ ಹೋಗಬೇಕು. ಅದಕ್ಕಿಂತ ಮೇಲೆ ಹರಳುಗಳು ನಿಧಾನವಾಗಿ, ಆದರೆ ನಿಲ್ಲದೆ, ತಮ್ಮ ಕೆಲಸ ಮಾಡುತ್ತಿರುತ್ತವೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಪಾರ್ಸಲು ಎರಡು ದಿನ ಸಕಲೇಶಪುರದಲ್ಲಿ ನಿಂತರೆ ಡ್ರೈ ಐಸ್ ತಳ ಕಾಣುತ್ತದೆ, ವಯಲು ಮೈನಸ್ 40ಕ್ಕೆ ಏರಿ ಮತ್ತೆ ಇಳಿಯುತ್ತದೆ. ನೈಟ್ರೋಜನ್ ಹೀರಿಸಿದ ಡ್ರೈ ಶಿಪ್ಪರ್ ಇದ್ದರೆ ಅದನ್ನೇ ಬಳಸಿ. ಇಲ್ಲದವರಿಗೆ ಮಾತ್ರ ಪ್ರೋಟೀನು ಒಂದಿಷ್ಟು ಸಮಯ ಕೊಡಿಸುತ್ತದೆ.

ಇದೇ ಏರಿಳಿತ ಇನ್ನೂ ಚಿಕ್ಕದಾಗಿ, ದಿನಕ್ಕೆ ಹತ್ತು ಸಲ ನಡೆಯುವ ಜಾಗ ಹೈನುಗಾರರ ಹಟ್ಟಿ. ಕಾರ್ಕಳ, ಬಂಟ್ವಾಳದ ಕಡೆ ಕೃತಕ ಗರ್ಭಧಾರಣೆಗೆ ಬೈಕಿನಲ್ಲಿ ತರುವ ಮೂರು ಲೀಟರಿನ ಕ್ಯಾನಿನಲ್ಲಿ ವೀರ್ಯದ ಕಡ್ಡಿಗಳಿರುತ್ತವೆ, ಒಂದೊಂದು 0.25 ಮಿ.ಲೀ. ಅಷ್ಟು ತೆಳ್ಳಗಿನ ಕಡ್ಡಿ ಹೊರಗಿನ 32 ಡಿಗ್ರಿ ಗಾಳಿಗೆ ಸಿಕ್ಕರೆ ಕೆಲವೇ ಸೆಕೆಂಡಿನಲ್ಲಿ ಬಿಸಿಯಾಗುತ್ತದೆ. ಬೇಕಾದ ಹೋರಿಯ ಕಡ್ಡಿ ಹುಡುಕಲು ಕ್ಯಾನಿಸ್ಟರನ್ನು ಕುತ್ತಿಗೆಯಿಂದ ಮೇಲೆತ್ತಿದ ಪ್ರತಿ ಸಲವೂ ಉಳಿದ ಕಡ್ಡಿಗಳೆಲ್ಲ ಆ ಡಬ್ಬಿಯ ಐಸ್‌ಕ್ರೀಮಿನ ಪಾಡು ಪಡುತ್ತವೆ. ಗ್ಲಿಸರಾಲ್ ಮತ್ತು ಮೊಟ್ಟೆಯ ಹಳದಿ ಇರುವ ಡೈಲ್ಯೂಟರಿಗೆ ಆಂಟಿಫ್ರೀಜ್ ಪ್ರೋಟೀನು ಸೇರಿಸಿ ನೋಡುವ ಪ್ರಯೋಗಗಳಿಗೆ ಅರ್ಥವಿರುವುದು ಇದಕ್ಕಾಗಿ. ಅಲ್ಲಿಯವರೆಗೆ ಕ್ಯಾನಿಸ್ಟರನ್ನು ಕುತ್ತಿಗೆಯಲ್ಲಿ ಹಿಮ ಕಟ್ಟಿದ ಗೆರೆಗಿಂತ ಕೆಳಗೇ ಹಿಡಿದು ಚಿಮಟದಿಂದ ಕಡ್ಡಿ ತೆಗೆಯಿರಿ. ಎಂಟು ಸೆಕೆಂಡಿನಲ್ಲಿ ಸಿಗದಿದ್ದರೆ ಕೆಳಗಿಳಿಸಿ, ಅರ್ಧ ನಿಮಿಷ ಕಾದು ಮತ್ತೆ ಹುಡುಕಿ. ತೆಗೆದ ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡು ಮುಳುಗಿಸಿ, ಒರೆಸಿ, ಆಮೇಲೆ ಕತ್ತರಿಸಿ. ಹೊರಗಿನ ಒಂದು ಹನಿ ನೀರು ಒಳಗೆ ಹೋದರೂ ವೀರ್ಯಾಣು ಉಬ್ಬಿ ಸಾಯುತ್ತದೆ.